ಗುಜರಿಯಣ್ಣ ಬೇಡವೆಂದ ಬ್ಯಾಟರಿ

ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾಯುವುದೂ ನಮ್ಮಂಥವರಿಗೆ ಒಂದು ಸಬ್ಜೆಕ್ಟ್ ಇದ್ದಂತೆ. ಕಳೆದ ತಿಂಗಳು ಹಾಗೆ ಕಾಯುವ ಬದಲು, ಬ್ಯಾಗಿನಲ್ಲಿದ್ದ ಹಳೆಯ ಪವರ್ ಬ್ಯಾಂಕನ್ನು ಒಳರಸ್ತೆಯ ಗುಜರಿ ಅಂಗಡಿಗೆ ಒಯ್ದೆ. ಅಂಗಡಿಯಣ್ಣ ಮುಟ್ಟಲೂ ಇಲ್ಲ.

‘ಬೇಡಪ್ಪ, ಉಬ್ಬಿದೆ ನೋಡು. ಇಂಥದ್ದೇ ಒಂದು ಹೊತ್ಕೊಂಡು ಅರ್ಧ ಮೂಟೆ ಪ್ಲಾಸ್ಟಿಕ್ ಸುಟ್ಟೋಯ್ತು.’

‘ಮತ್ತೆ ಎಲ್ಲಿ ಹಾಕ್ಲಿ ಅಣ್ಣ?’

‘ಓದಿರೋನು ನೀನು, ನೀನೇ ಹೇಳು.’

ಬಿ.ಎಸ್ಸಿ.ಯಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಅದೇ ಅಂಗಡಿಯಲ್ಲಿ ಆಟೋಗಳ ಸೀಸದ ಬ್ಯಾಟರಿಯನ್ನು ತೂಕ ಹಾಕಿ, ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಸೀಸ 327 ಡಿಗ್ರಿಗೇ ಕರಗುತ್ತದೆ, ಕೊಳ್ಳುವವರೂ ಸಿದ್ಧವಿದ್ದಾರೆ. ಲಿಥಿಯಂ ಅಯಾನ್ ಬ್ಯಾಟರಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೊದಲು ಚಾರ್ಜ್ ಪೂರ್ತಿ ಇಳಿಸಬೇಕು, ಇಲ್ಲದಿದ್ದರೆ ಬೆಂಕಿ. ಆಮೇಲೆ ಪುಡಿ ಮಾಡಿ ತಾಮ್ರ, ಅಲ್ಯೂಮಿನಿಯಂ ಹಾಳೆಗಳನ್ನು ಬೇರ್ಪಡಿಸಿದರೆ ಉಳಿಯುವುದು ‘ಬ್ಲ್ಯಾಕ್ ಮಾಸ್’ ಎಂಬ ಕಪ್ಪು ಪುಡಿ. ಅದನ್ನು ಆಮ್ಲದಲ್ಲಿ ಕರಗಿಸಿ ಕೋಬಾಲ್ಟ್, ನಿಕಲ್, ಲಿಥಿಯಂಗಳನ್ನು ಒಂದೊಂದಾಗಿ ಲವಣಗಳ ರೂಪದಲ್ಲಿ ತೆಗೆಯುತ್ತಾರೆ. ನಾವು ಲ್ಯಾಬಿನಲ್ಲಿ ಬೈದುಕೊಳ್ಳುತ್ತಾ ಮಾಡುವ ಸಾಲ್ಟ್ ಅನಾಲಿಸಿಸ್‌ನ ದೊಡ್ಡಣ್ಣ ಇದು!

ಮಂಡ್ಯದ ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ 1,600 ಟನ್ ಲಿಥಿಯಂ ಇದೆ ಎಂಬ ಪ್ರಾಥಮಿಕ ಅಂದಾಜು ಬಂದಾಗ ಎಲ್ಲರೂ ಹಿಗ್ಗಿದೆವು. ಅದನ್ನು ಅಗೆಯುವುದು ಯಾವಾಗಲೋ. ಆದರೆ ಓಲ್ಡ್ ಮದ್ರಾಸ್ ರಸ್ತೆಯಲ್ಲಿ ಡೆಲಿವರಿ ಹುಡುಗರ ಎಲೆಕ್ಟ್ರಿಕ್ ಸ್ಕೂಟರ್‌ಗಳ ಸಾಲು ನೋಡಿ, ಅವುಗಳ ಬ್ಯಾಟರಿಗಳೆಲ್ಲ ಒಂದು ದಿನ ಇದೇ ಗುಜರಿ ಬಾಗಿಲಿಗೆ ಬರುತ್ತವೆ.

ಕಾನೂನು ಇಲ್ಲವೆಂದಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ತಯಾರಕರ ಹೊಣೆ. 2026–27ರಿಂದ ಇಂಥ ಬ್ಯಾಟರಿಗಳ ಒಣ ತೂಕದಲ್ಲಿ ಶೇ 90ರಷ್ಟನ್ನು ಮರಳಿ ಪಡೆಯಬೇಕು. ತಕರಾರಿರುವುದು ಬ್ಯಾಟರಿ ಅಲ್ಲಿಯವರೆಗೆ ತಲುಪುವುದರಲ್ಲಿ. ಅದರಲ್ಲೂ ಈಗ ಹೆಚ್ಚುತ್ತಿರುವ ಎಲ್‌ಎಫ್‌ಪಿ ಬ್ಯಾಟರಿಗಳಲ್ಲಿ ಕೋಬಾಲ್ಟೂ ಇಲ್ಲ, ನಿಕಲ್ಲೂ ಇಲ್ಲ. ಲಾಭ ಕಮ್ಮಿ, ಹಾಗಾಗಿ ಮಾರುಕಟ್ಟೆ ತಾನಾಗಿ ಹುಡುಕಿಕೊಂಡು ಬರುವುದಿಲ್ಲ. ತಯಾರಕರೇ ಗುಜರಿಯಣ್ಣನಿಗೆ ಕೆ.ಜಿ.ಗೆ ಇಷ್ಟೆಂದು ದರ ಕಟ್ಟಲಿ. ಬೆಂಕಿ ತಾಳುವ ಪೆಟ್ಟಿಗೆ, ಎರಡು ದಿನದ ತರಬೇತಿ ಕೊಡಲಿ. ಮನೆಮನೆಯ ಹಳೇ ಸಾಮಾನು ಬರುವುದು ಅವರ ಹತ್ತಿರ, ಆಪ್‌ಗಲ್ಲ.

ಇನ್ನು ನಮ್ಮ ವಿಷಯ. ಡಿಗ್ರಿ ಮುಗಿದ ಕೂಡಲೇ ವೈಟ್‌ಫೀಲ್ಡ್ ಬಸ್ ಹತ್ತುವುದೊಂದೇ ದಾರಿ ಎಂದು ನಂಬಿಸಿದ್ದಾರೆ. ದಾಬಸ್‌ಪೇಟೆಯಲ್ಲಿ ಇ-ತ್ಯಾಜ್ಯ ಸಂಸ್ಕರಿಸುವ ‘ಇ-ಪರಿಸರ’ 2005ರಲ್ಲೇ ಶುರುವಾಗಿದೆ ಎಂದು ನಮ್ಮ ತರಗತಿಯಲ್ಲಿ ಯಾರೂ ಹೇಳಲಿಲ್ಲ. ಕೆಮಿಸ್ಟ್ರಿ, ಮೆಟಲರ್ಜಿ, ಐಟಿಐ ಎಲೆಕ್ಟ್ರಿಕಲ್ ಓದಿದವರಿಗೆಲ್ಲ ಈ ಕ್ಷೇತ್ರದಲ್ಲಿ ಕೆಲಸವಿದೆ. ಸಿಲಬಸ್‌ನಲ್ಲಿ ಮಾತ್ರ ಜಾಗವಿಲ್ಲ.

ಆ ಪವರ್ ಬ್ಯಾಂಕ್ ಈಗ ನಮ್ಮ ಮನೆ ತಾರಸಿಯ ಮೇಲೆ, ಮರಳು ತುಂಬಿದ ಡಬ್ಬಿಯಲ್ಲಿದೆ. ಯಾವಾಗ ತೆಗೀತೀಯ ಅಂತ ಅಮ್ಮ ದಿನಾ ಕೇಳುತ್ತಾರೆ.