ನೆಗಡಿಗೆ ಮೂಗು ಕೊಯ್ಯುವವರು

ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡವನ ಗಾದೆ ಕೇಳಿ ನಕ್ಕವರು ನಾವು. ಈಗ ಕಾರಿನ ಸರ್ವಿಸ್ ಸೆಂಟರಿನವರು ಅದನ್ನೇ ಬಿಲ್ಲು ಬರೆದು ಮಾಡುತ್ತಿದ್ದಾರೆ. ನಾವು ನಗುವುದನ್ನು ಬಿಟ್ಟು ಹಣ ಎಣಿಸುತ್ತಿದ್ದೇವೆ.

ಹಳೆಯ ಕಾರು ಇಟ್ಟುಕೊಂಡವರಿಗೆ ಈ ಕಾಯಿಲೆ ಗೊತ್ತು. ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಕಿಲೋಮೀಟರು, ಪೆಟ್ರೋಲು, ಗಂಟೆ ತೋರಿಸುವ ಅಂಕಿಗಳು ಮಸುಕಾಗುತ್ತವೆ. ಎಂಟರ ನಡುಗೆರೆ ಹೋಗಿ ಸೊನ್ನೆಯಾಗುತ್ತದೆ. ನಮ್ಮ ಕಾರಿಗೂ ಹೀಗಾದಾಗ ಸರ್ವಿಸ್ ಸೆಂಟರಿನ ಹುಡುಗ ಫಲಕವನ್ನು ಬಿಚ್ಚಿಯೂ ನೋಡದೆ, "ಇಡೀ ಯೂನಿಟ್ಟೇ ಬದಲಾಯಿಸಬೇಕು ಮೇಡಂ" ಎಂದ. ಅವನು ಹೇಳಿದ ಬೆಲೆಗೆ ಮನೆಗೊಂದು ಫ್ರಿಜ್ಜು ಬರುತ್ತಿತ್ತು. "ಸಾರ್ ಹತ್ತಿರ ಮಾತಾಡಿಸಿ" ಎಂದೂ ಸೇರಿಸಿದ. ಕಾರು ಇದ್ದದ್ದು ನನ್ನ ಹೆಸರಿನಲ್ಲಿ!

ನಿಜಕ್ಕೂ ಕೆಟ್ಟಿರುವುದೇನು? ಎಷ್ಟೋ ಸಲ ಪರದೆ ಚೆನ್ನಾಗಿಯೇ ಇರುತ್ತದೆ. ಅದನ್ನು ಸರ್ಕ್ಯೂಟ್ ಬೋರ್ಡಿಗೆ ಜೋಡಿಸುವ ಬೆಸುಗೆ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ನಡುವಿನ ತೆಳ್ಳನೆಯ ಪಟ್ಟಿ ಸಡಿಲವಾಗಿರುತ್ತದೆ. ಬಿಸಿಲಿಗೆ ಕಾದು, ರಾತ್ರಿ ತಣಿದು, ನಮ್ಮ ರಸ್ತೆಗಳ ಗುಂಡಿಯಲ್ಲಿ ಕುಲುಕಿದರೆ ಇನ್ನೇನಾದೀತು?

ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳ ಹೆಂಗಸರಿಗೆ ರಿಪೇರಿ ಹೊಸದಲ್ಲ. ಗ್ಯಾಸ್ಕೆಟ್ ಹೋಯಿತೆಂದು ಕುಕ್ಕರನ್ನೇ ಎಸೆದೆವೇ? ಬೆಲ್ಟು ಹರಿಯಿತೆಂದು ಹೊಲಿಗೆ ಯಂತ್ರ ಬದಲಾಯಿಸಿದೆವೇ? ಅದೇ ಧೈರ್ಯದಲ್ಲಿ ನಾನು ಎಸ್.ಪಿ. ರೋಡಿಗೆ ಹೋಗಿ ಒಂದು 25 ವ್ಯಾಟಿನ ಸಾಲ್ಡರಿಂಗ್ ಐರನ್ ತಂದೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಸ್ಕ್ರೂ ಬಿಚ್ಚಿ, ಪ್ರತಿ ಹಂತದಲ್ಲೂ ಒಂದು ಫೋಟೋ ಹಿಡಿದುಕೊಂಡೆ. ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ಬಿರುಕು ಬಿಟ್ಟ ಬೆಸುಗೆಗಳಿಗೆ ಮತ್ತೆ ಬಿಸಿ ಮುಟ್ಟಿಸಿದೆ. ಎಂಟು ಎಂಟಾಗಿಯೇ ಬಂತು.

"ಮೀಟರು ತಿರುಚಿದಂತಾಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಇಲ್ಲ. ಕಾರು ಓಡಿದ ಲೆಕ್ಕ ಇರುವುದು ಮೆಮೊರಿ ಚಿಪ್ಪಿನಲ್ಲಿ. ಪರದೆ ಅದನ್ನು ಓದಿ ಹೇಳುವುದಷ್ಟೆ. "ಅಪಾಯವಲ್ಲವೇ?" ಏರ್‌ಬ್ಯಾಗಿನ ಹಳದಿ ತಂತಿಗಳ ಗೊಡವೆಗೆ ಹೋಗಬಾರದು, ನಿಜ. ವಾರಂಟಿ ಇದ್ದರೆ ಅವರ ಬಳಿಗೇ ಒಯ್ಯಿರಿ. ಈಚಿನ ಕಾರುಗಳ ದೊಡ್ಡ ಬಣ್ಣದ ಪರದೆಗಳಿಗೆ ಈ ಮನೆಮದ್ದು ನಾಟದು. ಆದರೆ ಪೆಟ್ರೋಲೆಷ್ಟಿದೆ ಎಂದು ತಿಳಿಯದೆ ರಾತ್ರಿ ಒಬ್ಬಳೇ ಕಾರು ಓಡಿಸುವುದು ಅಪಾಯವಲ್ಲವೇ? ಯೂನಿಟ್ಟಿನ ಬೆಲೆಗೆ ಹೆದರಿ ಹಾಗೆಯೇ ಓಡಿಸುವವರು ಎಷ್ಟು ಮಂದಿ!

ಇದು ಬರೀ ನನ್ನ ಸಿಟ್ಟಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿಯ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ತಡೆದದ್ದು ತಪ್ಪೆಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ಕೌಂಟರಿನ ಮುಂದೆ ನಿಂತ ಹೆಂಗಸಿಗೆ ಜಾಲತಾಣ ಬೆಸುಗೆ ಹಾಕಿಕೊಡುವುದಿಲ್ಲ. ಅಲ್ಲಿ ಬಾಯಿ ತೆರೆಯಬೇಕಾದವಳು ಅವಳೇ.

ಎಲ್ಲರೂ ಸಾಲ್ಡರಿಂಗ್ ಐರನ್ ಹಿಡಿಯಬೇಕೆಂದು ನನ್ನ ಹಟವಲ್ಲ. ಜೆ.ಸಿ. ರೋಡಿನ ಸುತ್ತ ಈ ಕೆಲಸ ಬಲ್ಲವರಿದ್ದಾರೆ. ಅವರ ಹೊಟ್ಟೆಪಾಡೂ ಇದರಲ್ಲಿದೆ. ಆದರೆ "ಇಡೀ ಯೂನಿಟ್" ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ಮೂರು ಪ್ರಶ್ನೆ ಕೇಳಿ. ಬಿಚ್ಚಿ ನೋಡಿದಿರಾ? ಕೆಟ್ಟಿರುವ ಭಾಗ ಯಾವುದು? ಹಳೆಯದನ್ನು ನನಗೆ ವಾಪಸು ಕೊಡುತ್ತೀರಾ? ಸರಿಯಾದ ಉತ್ತರ ಬರದಿದ್ದರೆ ಕೀಲಿ ಇಸಿದುಕೊಂಡು ಬನ್ನಿ. ಮೂಗು ನಮ್ಮದು, ಕೊಯ್ಯಬೇಕೋ ಬೇಡವೋ ಹೇಳಬೇಕಾದವರೂ ನಾವೇ.