ತಪ್ಪು ಹುಡುಗನದೋ, ತಕ್ಕಡಿಯದೋ?

ಕೃಷ್ಣರಾಜನಗರದ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವ ಕಾರ್ಮಿಕ ಬಂಧುವೊಬ್ಬರು ಮೊನ್ನೆ ನಮ್ಮನ್ನು ಹುಡುಕಿಕೊಂಡು ಬಂದರು. ಅವರ ಮಗ ಎಸ್.ಎಸ್.ಎಲ್.ಸಿ. ಮುಗಿಸಿದ್ದಾನೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಜವಾನ ದರ್ಜೆಯ ಕೆಲಸಕ್ಕೆ ನಡೆಯುವ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಹಿಂದೆ ಬಿದ್ದಿದ್ದಾನೆ. ಲೆಕ್ಕದಲ್ಲಿ ಹುಡುಗ ಚುರುಕು. ಇಂಗ್ಲೀಷಿನಲ್ಲಿ ಹೋಯಿತು.

“ಮೇಷ್ಟ್ರೇ, ಫೈಲು ಹೊರೋಕೆ, ಮೇಜು ಒರೆಸೋಕೆ, ಬಾಗಿಲು ತೆಗೆಯೋಕೆ ಯಾವ ಇಂಗ್ಲೀಷು ಬೇಕು ಹೇಳಿ? ನಾನು ಇಪ್ಪತ್ತು ವರ್ಷದಿಂದ ಮೂಟೆ ಹೊರ್ತಾ ಇದೀನಿ. ಒಂದು ಮೂಟೇನೂ ನನ್ನನ್ನ ಇಂಗ್ಲೀಷಲ್ಲಿ ಮಾತಾಡಿಸಲಿಲ್ಲ” ಎಂದರು. ಅಲ್ಲಿ ಕೂತಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ.

ಅವರ ಪ್ರಶ್ನೆಗೆ ಉತ್ತರ ಹೇಳಬೇಕಾದುದು ನಮ್ಮ ಕರ್ತವ್ಯ. ಮೊದಲು ಸಂಗತಿ ಏನೆಂದು ನೋಡೋಣ.

ಈ ಕೆಲಸಕ್ಕೆ ಮಲ್ಟಿ ಟಾಸ್ಕಿಂಗ್ ಸ್ಟಾಫ್ ಎಂಬ ದೊಡ್ಡ ಹೆಸರಿಟ್ಟಿದ್ದಾರೆ. ಕಡತ ಸಾಗಿಸುವುದು, ಕೊಠಡಿ ತೆರೆದು ಮುಚ್ಚುವುದು, ಕಚೇರಿಯನ್ನು ಚೊಕ್ಕಟವಾಗಿಡುವುದು ಇವೆಲ್ಲ ಅದರ ಕರ್ತವ್ಯಗಳು. ವಿದ್ಯಾರ್ಹತೆ ಮೆಟ್ರಿಕ್. ಬಹುಕಾಲ ಹಿಂದಿ ಮತ್ತು ಇಂಗ್ಲೀಷಿನಲ್ಲಿ ಮಾತ್ರ ನಡೆಯುತ್ತಿದ್ದ ಈ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2023ರ ಜನವರಿಯಲ್ಲಿ ಪ್ರಕಟಿಸಿದರು. ಒಳ್ಳೆಯದೇ ಆಯಿತು, ಸ್ವಾಗತಿಸಿದೆವು. ಆದರೆ ಒಳಗಿನ ಲೆಕ್ಕವನ್ನು ನೋಡಿ. ಪರೀಕ್ಷೆಗೆ ಎರಡು ಭಾಗ. ಗಣಿತ ಮತ್ತು ತರ್ಕದ ಮೊದಲನೆಯ ಭಾಗದಲ್ಲಿ ತೇರ್ಗಡೆಯಾದರೆ ಸಾಕು; ಅಲ್ಲಿನ ಅಂಕ ಆಯ್ಕೆಯ ಪಟ್ಟಿಗೆ ಸೇರುವುದಿಲ್ಲ. ಆಯ್ಕೆ ನಡೆಯುವುದು ಎರಡನೆಯ ಭಾಗದ 150 ಅಂಕಗಳ ಮೇಲೆ. ಅದರಲ್ಲಿ ಸಾಮಾನ್ಯ ಜ್ಞಾನಕ್ಕೆ 75, ಇಂಗ್ಲೀಷಿಗೆ 75. ಸರಿಯುತ್ತರಕ್ಕೆ ಮೂರು ಅಂಕ. ತಪ್ಪಿದರೆ ಇದ್ದುದರಲ್ಲೂ ಒಂದು ಕಳೆಯುತ್ತಾರೆ. ಅಂದರೆ ಆ ಹುಡುಗನ ಲೆಕ್ಕದ ಚುರುಕು ಬಾಗಿಲ ತನಕ ಬಂದು ನಿಂತಿತು. ಒಳಗೆ ಕರೆಯುವುದಕ್ಕೆ ಅರ್ಧ ಅಧಿಕಾರ ಇಂಗ್ಲೀಷಿನ ಕೈಯಲ್ಲಿದೆ.

ಬ್ಯಾಂಕಿನ ಗುಮಾಸ್ತೆ ಪರೀಕ್ಷೆಯ ಕಥೆಯೂ ಇದೇ. ಅದನ್ನು ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು 2021ರಲ್ಲಿ ತೀರ್ಮಾನವಾಯಿತು. ಇಂಗ್ಲೀಷ್ ಭಾಷೆಯ ವಿಭಾಗ ಮಾತ್ರ ಅಲ್ಲಾಡಲಿಲ್ಲ. ನಮ್ಮ ರಾಜ್ಯದಲ್ಲೇ 2024ರಲ್ಲಿ ನಡೆದ ಗ್ರಾಮ ಆಡಳಿತ ಅಧಿಕಾರಿಗಳ ಪರೀಕ್ಷೆಯಲ್ಲಿ, ಅಂದರೆ ಹಿಂದಿನ ಶಾನುಭೋಗರ ಜಾಗದ ಕೆಲಸಕ್ಕೆ, ಸಾಮಾನ್ಯ ಇಂಗ್ಲೀಷೂ ಒಂದು ಭಾಗವಾಗಿತ್ತು. ಪಹಣಿ ನೋಡುವವನು, ಬೆಳೆ ಹಾನಿ ಬರೆಯುವವನು ಪಿರಿಯಾಪಟ್ಟಣದ ರೈತನೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ಇವರ ಎಣಿಕೆಯೋ!

ಈ ಪ್ರಶ್ನೆ ಪತ್ರಿಕೆಗಳಲ್ಲಿ ಇಂಗ್ಲೀಷ್ ವಾಕ್ಯವೊಂದನ್ನು ತುಂಡು ಮಾಡಿ ಕೊಟ್ಟು, ಯಾವ ತುಂಡಿನಲ್ಲಿ ತಪ್ಪಿದೆ ಗುರುತಿಸು ಎಂದು ಕೇಳುವುದು ವಾಡಿಕೆ. ನಮ್ಮ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲೇ. ಇದಕ್ಕಾಗಿ ಮೈಸೂರು, ಬೆಂಗಳೂರುಗಳಲ್ಲಿ ತರಬೇತಿ ಅಂಗಡಿಗಳು ಎದ್ದಿವೆ. ಸಾವಿರಾರು ರೂಪಾಯಿ ಶುಲ್ಕ, ದಿಂಬಿನಷ್ಟು ದಪ್ಪದ ಪುಸ್ತಕ. ನಾವು ಶಾಲೆಯಲ್ಲಿ ಕೆಲವು ವರ್ಷ ಪಾಠ ಹೇಳಿದವರು. ಓದಿದ್ದು ಮೆಟ್ರಿಕ್ ತನಕ ಮಾತ್ರ, ಇಂಗ್ಲೀಷಿನ ಪಂಡಿತರಲ್ಲ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳುತ್ತೇವೆ: ನಮ್ಮ ಮಕ್ಕಳ ತಪ್ಪುಗಳು ನೂರಾರಲ್ಲ. ಏಳೆಂಟು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ಅವು ದಡ್ಡತನದ ತಪ್ಪುಗಳೂ ಅಲ್ಲ. ಕನ್ನಡದಲ್ಲಿ ಸರಿಯಾಗಿ ಯೋಚಿಸಿ ಅದನ್ನೇ ಇಂಗ್ಲೀಷಿನಲ್ಲಿ ಇಳಿಸಿದಾಗ ಆಗುವ ತಪ್ಪುಗಳು.

ಆ ಬಂಧುವಿನ ಮಾತನ್ನೇ ತೆಗೆದುಕೊಳ್ಳಿ. ‘ಇಪ್ಪತ್ತು ವರ್ಷದಿಂದ’ ಎಂದರು. ಕನ್ನಡದಲ್ಲಿ ‘ಸೋಮವಾರದಿಂದ’ ಎಂದರೂ ‘ಇಂದ’ವೇ, ‘ಇಪ್ಪತ್ತು ವರ್ಷದಿಂದ’ ಎಂದರೂ ‘ಇಂದ’ವೇ. ಹುಡುಗ ಎರಡಕ್ಕೂ ‘ಸಿನ್ಸ್’ ಹಾಕಿ ‘ಐ ಆಮ್ ವರ್ಕಿಂಗ್ ಸಿನ್ಸ್ ಟ್ವೆಂಟಿ ಇಯರ್ಸ್’ ಎನ್ನುತ್ತಾನೆ. ಇಂಗ್ಲೀಷಿನಲ್ಲಿ ಶುರುವಾದ ದಿನವನ್ನು ಹೇಳಿದರೆ ‘ಸಿನ್ಸ್’, ಕಳೆದ ಅವಧಿಯನ್ನು ಹೇಳಿದರೆ ‘ಫಾರ್’. ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟ್ವೆಂಟಿ ಇಯರ್ಸ್’ ಎಂಬುದು ಸರಿ.

‘ಬೋನಸ್ಸಿನ ಬಗ್ಗೆ ಚರ್ಚಿಸಿದೆವು’ ಎನ್ನುತ್ತೇವೆ. ಆ ‘ಬಗ್ಗೆ’ಯನ್ನು ಹೊತ್ತುಕೊಂಡು ಹೋಗಿ ‘ಡಿಸ್ಕಸ್ಡ್ ಅಬೌಟ್’ ಎಂದು ಬರೆಯುತ್ತೇವೆ. ‘ಡಿಸ್ಕಸ್’ ಎಂಬ ಪದದ ಹೊಟ್ಟೆಯಲ್ಲೇ ‘ಬಗ್ಗೆ’ ಇದೆ; ‘ಡಿಸ್ಕಸ್ಡ್ ದ ಬೋನಸ್’ ಎಂದರೆ ಸಾಕು. ಹಾಗೆಯೇ ‘ಅವನಿಗಿಂತ ಹಿರಿಯ’ ಎಂಬಲ್ಲಿನ ‘ಗಿಂತ’ವನ್ನು ‘ದ್ಯಾನ್’ ಮಾಡುತ್ತೇವೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಿಫರ್ ಇವುಗಳ ಹಿಂದೆ ‘ದ್ಯಾನ್’ ಬಾರದು, ‘ಟು’ ಬರಬೇಕು.

‘ಅಲ್ಲವೇ?’ ಎಂಬ ಒಂದೇ ಮಾತಿನಿಂದ ಕನ್ನಡಿಗರು ಇಡೀ ಸಂಸಾರ ನಡೆಸುತ್ತೇವೆ. ಆದ್ದರಿಂದ ಎಲ್ಲ ವಾಕ್ಯದ ಕೊನೆಗೂ ‘ಈಸಂಟ್ ಇಟ್’ ಅಂಟಿಸುತ್ತೇವೆ. ಇಂಗ್ಲೀಷಿನಲ್ಲಿ ಆ ಬಾಲವು ತಲೆಗೆ ತಕ್ಕಂತೆ ಇರಬೇಕು. ‘ಯು ವರ್ಕ್ ಇನ್ ದ ಮಿಲ್’ ಎಂದರೆ ‘ಡೋಂಟ್ ಯು’. ‘ಶಿ ಈಸ್ ಎ ಟೀಚರ್’ ಎಂದರೆ ‘ಈಸಂಟ್ ಶಿ’. ಇನ್ನು ಬಹುವಚನ. ಫರ್ನಿಚರ್, ಲಗೇಜ್, ಇನ್‌ಫರ್ಮೇಶನ್, ಅಡ್ವೈಸ್ ಇವಕ್ಕೆ ‘ಸ್’ ಹಚ್ಚಬಾರದು. ಸಂತೆಯಲ್ಲಿ ಸಕ್ಕರೆಯನ್ನು ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತೇವೆ. ಈ ಪದಗಳನ್ನೂ ಹಾಗೆಯೇ ತಿಳಿಯಿರಿ.

ಕನ್ನಡವೇ ನಮ್ಮನ್ನು ಕೆಡಿಸಿತು ಎಂದು ಯಾರೂ ಭಾವಿಸಕೂಡದು. ತಪ್ಪನ್ನು ತಿದ್ದುವುದಕ್ಕೂ ಕನ್ನಡವೇ ಒದಗುತ್ತದೆ. ಹುಣಸೂರಿನ ಹೊಗೆಸೊಪ್ಪಿನ ವಿಚಾರ ಬರೆಯಿರೆಂದರೆ ‘ದ ಕ್ವಾಲಿಟಿ ಆಫ್ ದ ಲೀವ್ಸ್ ಆರ್ ಗುಡ್’ ಎಂದು ಬರೆಯುವವರು ನೂರಕ್ಕೆ ಅರ್ಧ. ಇದನ್ನು ಕನ್ನಡಕ್ಕೆ ತಿರುಗಿಸಿ: ‘ಎಲೆಗಳ ಗುಣ ಚೆನ್ನಾಗಿದೆ.’ ‘ಚೆನ್ನಾಗಿವೆ’ ಎಂದು ಯಾರಾದರೂ ಹೇಳುತ್ತೇವೆಯೇ? ಚೆನ್ನಾಗಿರುವುದು ಗುಣ, ಗುಣ ಒಂದೇ. ಆದುದರಿಂದ ‘ಈಸ್’. ಕನ್ನಡದಲ್ಲಿ ಮುಖ್ಯ ಪದ ಕೊನೆಗೆ, ಕ್ರಿಯಾಪದದ ಪಕ್ಕಕ್ಕೆ ಬರುತ್ತದೆ. ಇಂಗ್ಲೀಷಿನಲ್ಲಿ ಅದು ಮುಂದೆ ಹೋಗಿ ನಿಂತು, ಬಹುವಚನದ ‘ಲೀವ್ಸ್’ ಬಂದು ಕ್ರಿಯಾಪದದ ಪಕ್ಕದಲ್ಲಿ ಕೂತು ನಮ್ಮನ್ನು ಮೋಸಗೊಳಿಸುತ್ತದೆ. ‘ಒನ್ ಆಫ್ ದ ವರ್ಕರ್ಸ್’ ಎಂದಾಗಲೂ ಇದೇ ಉಪಾಯ: ಕೆಲಸಗಾರರಲ್ಲಿ ಒಬ್ಬ, ಒಬ್ಬನಾದ ಮೇಲೆ ‘ಈಸ್’.

‘ಮಳೆ ಬಂದರೆ ನಾಟಿ ಮಾಡುತ್ತೇವೆ’ ಎಂಬಲ್ಲಿ ‘ಬಂದರೆ’ ಎನ್ನುವಾಗ ನಾವು ಭವಿಷ್ಯತ್ಕಾಲ ಸೇರಿಸುವುದಿಲ್ಲ. ಇಂಗ್ಲೀಷೂ ಸೇರಿಸುವುದಿಲ್ಲ: ‘ಇಫ್ ಇಟ್ ರೇನ್ಸ್’ ಎನ್ನಬೇಕು, ‘ಇಫ್ ಇಟ್ ವಿಲ್ ರೇನ್’ ಅಲ್ಲ. ‘ಬಡವನಾದರೂ ಮಾನವಂತ’ ಎನ್ನುವಾಗ ಒಂದು ‘ಆದರೂ’ ಸಾಕು. ಹಾಗೆಯೇ ‘ದೋ’ ಬಂದ ವಾಕ್ಯದಲ್ಲಿ ‘ಬಟ್’ ಬೇಡ. ‘ಎ’ ಮತ್ತು ‘ಆ್ಯನ್’ ಎಂಬ ಗೊಂದಲಕ್ಕೆ ನಮ್ಮ ಅಕ್ಷರಮಾಲೆಯೇ ಮದ್ದು. ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಅವರ್, ಆನೆಸ್ಟ್, ಎಂ.ಎಲ್.ಎ. ಇವು ಸ್ವರದಿಂದ ಶುರುವಾಗುತ್ತವೆ, ‘ಆ್ಯನ್’ ಹಾಕಿ. ಯೂನಿಯನ್, ಯೂನಿವರ್ಸಿಟಿ, ಯೂರೋಪಿಯನ್ ಇವುಗಳ ಮೊದಲಲ್ಲಿ ‘ಯ’ಕಾರ ಕೂತಿದೆ, ‘ಎ’ ಹಾಕಿ. ‘ಒನ್’ ಎಂಬುದೊಂದು ಮಾತ್ರ ಬರೆಯುವಾಗ ‘ಒ’, ನುಡಿಯುವಾಗ ‘ವ’. ಅದಕ್ಕೆ ‘ಎ’ಯೇ ಸರಿ. ಇಂಗ್ಲೀಷಿನ ಕಾಗುಣಿತ ಮುಚ್ಚಿಡುವುದನ್ನು ಕನ್ನಡದ ಅಕ್ಷರ ಬಿಚ್ಚಿ ತೋರಿಸುತ್ತದೆ.

ಇಷ್ಟನ್ನು ಹೇಳಿಕೊಡಲು ದಿಂಬಿನ ಗಾತ್ರದ ಪುಸ್ತಕ ಬೇಕಿಲ್ಲ. ಕನ್ನಡ ಬಲ್ಲ ಮೇಷ್ಟರು, ಒಂದು ಕಪ್ಪು ಹಲಗೆ, ಎರಡು ತಿಂಗಳ ಸಂಜೆ ಸಾಕು.

ನಮ್ಮ ಸಂಗಾತಿಗಳಲ್ಲಿ ಕೆಲವರು ಆಕ್ಷೇಪಿಸುತ್ತಾರೆ. “ಲೋಹಿಯಾ ಅವರು ಇಂಗ್ಲೀಷ್ ತೊಲಗಲಿ ಎಂದು ದೇಶಕ್ಕೆಲ್ಲ ಸಾರಿದರು. ನೀವು ಕೂತು ಇಂಗ್ಲೀಷ್ ವ್ಯಾಕರಣ ಹೇಳುತ್ತಿದ್ದೀರಿ” ಎಂದು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಲೋಹಿಯಾ ವಿರೋಧಿಸಿದ್ದು ಇಂಗ್ಲೀಷ್ ಕಲಿಯುವುದನ್ನಲ್ಲ; ಬಡವರ ಮಕ್ಕಳನ್ನು ಹೊರಗೆ ನಿಲ್ಲಿಸುವ ಬೇಲಿಯಾಗಿ ಅದು ನಿಂತಿರುವುದನ್ನು. ಹೊಗೆಸೊಪ್ಪಿನ ಹರಾಜಿಗೆ ಹೋಗುವ ರೈತ ಅಲ್ಲಿನ ದರ್ಜೆಗಳನ್ನು ತಿಳಿದುಕೊಂಡು ಹೋಗುತ್ತಾನೆ. ದರ್ಜೆ ಕಟ್ಟುವ ಪದ್ಧತಿ ಅವನಿಗೆ ಒಪ್ಪಿಗೆಯೆಂದು ಅರ್ಥವಲ್ಲ. ತಿಳಿಯದೆ ಹೋದರೆ ನಷ್ಟ ಅವನದು. ಬೇಲಿ ಕೀಳುವ ಹೋರಾಟ ಹತ್ತು ವರ್ಷ ಹಿಡಿಯಬಹುದು. ಗಿರಣಿ ಕಾರ್ಮಿಕನ ಮಗನಿಗೆ ಅಷ್ಟರಲ್ಲಿ ವಯೋಮಿತಿ ಮೀರಿರುತ್ತದೆ. ಅವನಿಗೆ ಏಣಿಯನ್ನೂ ಕೊಡೋಣ, ಬೇಲಿಯನ್ನೂ ಕೀಳೋಣ.

ಬೇಲಿಯ ಆಚೆ ಕೂತವರ ಯೋಗ್ಯತೆಯನ್ನೂ ನೋಡಿ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲೀಷಿನಿಂದ ಕನ್ನಡಕ್ಕೆ ಇಳಿಸಿದ ಪ್ರಶ್ನೆಗಳು ಎಷ್ಟು ಅಧ್ವಾನವಾಗಿದ್ದವೆಂದರೆ, ಕನ್ನಡದಲ್ಲಿ ಬರೆದವರು ಬೀದಿಗಿಳಿದು ಕೂಗಬೇಕಾಯಿತು. ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಆದೇಶಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲಿಯೂ ಅನುವಾದದ ತಪ್ಪುಗಳೆಂದು ಮತ್ತೆ ದೂರು ಎದ್ದಿತು. 1963ರಲ್ಲೇ ಆಡಳಿತ ಭಾಷೆಯ ಕಾನೂನು ಮಾಡಿಕೊಂಡ ರಾಜ್ಯದ ಕಥೆ ಇದು!

ನಮ್ಮ ಹುಡುಗ ಒಂದು ‘ದ’ ಬಿಟ್ಟರೆ ಅಂಕ ಹೋಗುತ್ತದೆ, ಮೇಲೆ ದಂಡವೂ ಬೀಳುತ್ತದೆ. ಪ್ರಶ್ನೆ ತೆಗೆಯುವವರು ಕನ್ನಡವನ್ನೇ ಕೊಂದರೂ ಆ ನಷ್ಟ ಬೀಳುವುದು ಮತ್ತೆ ಹುಡುಗನ ತಲೆಯ ಮೇಲೆಯೇ: ಮತ್ತೆ ಓದು, ಮತ್ತೆ ಬಸ್ ಚಾರ್ಜು, ಮತ್ತೆ ಕೂಲಿ ಖೋತಾ. ಅಂಗಡಿ ನಡೆಸುವ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿರಾಕಿ ಒಂದು ರೂಪಾಯಿ ಕಡಿಮೆ ಕೊಟ್ಟರೆ ಬಿಡದವನು ತನ್ನ ತಕ್ಕಡಿಯ ಮುದ್ರೆಯನ್ನೂ ತೋರಿಸಬೇಕಷ್ಟೆ.

ಇನ್ನು ಹೆಗ್ಗಡದೇವನಕೋಟೆಯ ಹಾಡಿಗಳ ಕಡೆ ನೋಡಿ. ಜೇನುಕುರುಬರ ಮನೆಯ ನುಡಿಯೇ ಬೇರೆ. ಆ ಮಗು ಶಾಲೆಗೆ ಬಂದಾಗ ಕನ್ನಡವೇ ಎರಡನೆಯ ಭಾಷೆ, ಇಂಗ್ಲೀಷ್ ಮೂರನೆಯದು. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಗೇ ಇಂಗ್ಲೀಷ್ ಪಾಠ ತಂದರು. ಹಿಂದೆ ಅದು ಐದರಿಂದ ಇತ್ತು. ಪಾಠ ಬಂದಿತೆಂದರೆ ಕಲಿಕೆ ಬಂದಿತೆಂದಲ್ಲ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿ ಒಬ್ಬರೇ ಪಾಠ ಹೇಳುವ ಕಡೆ ‘ಸಿನ್ಸ್’ ಯಾವುದು, ‘ಫಾರ್’ ಯಾವುದು ಎಂದು ಬಿಡಿಸಿ ಹೇಳಲು ವ್ಯವಧಾನ ಎಲ್ಲಿದೆ? ಆ ಹಾಡಿಯ ಹುಡುಗನನ್ನೂ ಮಹಾನಗರದ ಕಾನ್ವೆಂಟಿನ ಹುಡುಗನನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸುವುದಕ್ಕೆ ಸಮಾನತೆ ಎಂದು ಹೆಸರಿಡುವುದು ಅನ್ಯಾಯ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮೆಟ್ರಿಕ್ ಮಟ್ಟದ ಕೆಲಸಗಳಲ್ಲಿ ಇಂಗ್ಲೀಷಿನ ಅಂಕವನ್ನು ಆಯ್ಕೆಯ ಪಟ್ಟಿಗೆ ಸೇರಿಸಕೂಡದು. ಪರೀಕ್ಷಿಸಲೇಬೇಕಾದರೆ ತೇರ್ಗಡೆಗೆ ಮಾತ್ರ ಇರಲಿ, ಅಥವಾ ಆಯಾ ರಾಜ್ಯದ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿರಲಿ. ರಾಜ್ಯದ ಪರೀಕ್ಷೆಗಳ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲೇ ಬರೆಯತಕ್ಕದ್ದು. ಕನ್ನಡದ ಪ್ರಶ್ನೆ ತಪ್ಪಾಗಿದ್ದರೆ ಅದರ ಅಂಕ ಅಭ್ಯರ್ಥಿಗೆ ಸಲ್ಲತಕ್ಕದ್ದು. ತಾಲ್ಲೂಕಿಗೊಂದರಂತೆ ಶುಲ್ಕವಿಲ್ಲದ ತರಬೇತಿ ಕೇಂದ್ರವನ್ನು ಸರ್ಕಾರ ತೆರೆಯತಕ್ಕದ್ದು.

ಅಲ್ಲಿಯವರೆಗೆ ಕೈಕಟ್ಟಿ ಕೂರುವುದು ಬೇಡ. ನಾಲ್ಕು ತಾಲ್ಲೂಕುಗಳಲ್ಲೂ ನಿವೃತ್ತ ಮೇಷ್ಟರುಗಳಿದ್ದಾರೆ, ಸಂಘದ ಕಚೇರಿಗಳಿವೆ, ಸಂಜೆಯ ಹೊತ್ತು ಖಾಲಿಯಿರುವ ಶಾಲಾ ಕೊಠಡಿಗಳಿವೆ. ವರ್ತಕ ಬಂಧುಗಳು ಸೀಮೆಸುಣ್ಣ, ದೀಪದ ಖರ್ಚು ನೋಡಿಕೊಂಡರೆ ಉಳಿದದ್ದು ನಮಗಿರಲಿ.

ಆ ಕೃಷ್ಣರಾಜನಗರದ ಬಂಧು ಹೊರಡುವಾಗ “ನನ್ನ ಮಗ ಮೂರನೇ ಸಲ ಕೂರ್ಬೋದಾ ಮೇಷ್ಟ್ರೇ?” ಎಂದು ಕೇಳಿದರು. ಕೂರಲಿ ಎಂದೆವು. ಸೋಮವಾರದಿಂದ ಸಂಜೆ ಬರುತ್ತಿದ್ದಾನೆ. ಮೊದಲನೆಯ ದಿನ ಹಲಗೆಯ ಮೇಲೆ ಅವನ ಕೈಯಲ್ಲೇ ಬರೆಸಿದ ವಾಕ್ಯ ಅವನ ತಂದೆಯದು: ‘ಮೈ ಫಾದರ್ ಹ್ಯಾಸ್ ಬೀನ್ ಕ್ಯಾರಿಯಿಂಗ್ ಲೋಡ್ಸ್ ಫಾರ್ ಟ್ವೆಂಟಿ ಇಯರ್ಸ್.’ ವ್ಯಾಕರಣದ ಪ್ರಕಾರ ಅದರಲ್ಲಿ ಒಂದು ತಪ್ಪೂ ಇಲ್ಲ. ಬೇರೆ ಯಾವ ತಪ್ಪಿದೆಯೆಂಬುದನ್ನು ಆಳುವವರು ಗುರುತಿಸಲಿ.