ಗೌರವಧನ ಅಂದ್ರ ಹೊಟ್ಟಿ ತುಂಬತೈತೇನ್ರಿ?

ಅಕ್ಕಾರ, ವೈನ್ಯಾರ, ಈ ಸಲ ಉಪ್ಪಿನಕಾಯಿ ಮಾತು ಬ್ಯಾಡ. ದಿಲ್ಲಿ ಸರಕಾರದ ಲೆಕ್ಕದ ಮಾತು ಆಡೂಣು. "ರಾಜಕೀಯ ನಮಗ್ಯಾಕ" ಅನಬ್ಯಾಡ್ರಿ. ಬಸರಿ ಸೊಸಿಯ ಊಟ, ಮೊಮ್ಮಕ್ಕಳ ತತ್ತಿ, ಕೂಸಿನ ತೂಕ ಎಲ್ಲಾ ಅದರಾಗನ ಬರತಾವು.

ನಮ್ಮ ಓಣ್ಯಾಗಿನ ಅಂಗನವಾಡಿ ಅಕ್ಕೋರಿಗೆ ಕೇಂದ್ರ ಸರಕಾರ ಗೊತ್ತು ಮಾಡಿದ್ದು ತಿಂಗಳಿಗೆ 4,500 ರೂಪಾಯಿ. ಸಹಾಯಕಿಗೆ 2,250. ಇದು 2018ರ ಅಕ್ಟೋಬರದಾಗ ಏರಿಸಿದ್ದು. ಮುಂದ ಏಳು ವರ್ಷ ಅಲ್ಲೇ ಕೂತೈತಿ. ಆ 4,500ರಾಗೂ ಕೇಂದ್ರದ ಪಾಲು ನೂರಕ್ಕ 60, ಉಳಿದದ್ದು ರಾಜ್ಯದ್ದು. ಅಂದ್ರ ದಿಲ್ಲಿಯಿಂದ ಬರೂದು 2,700 ಅಷ್ಟ. ರಾಜ್ಯದವರು ಮ್ಯಾಲೆ ಇನ್ನಷ್ಟು ಕೂಡಿಸತಾರ, ಖರೆ. ಆದ್ರ ಯೋಜನಾ ಕೇಂದ್ರದ್ದು, ಹೆಸರು ಕೇಂದ್ರದ್ದು. ಏಳು ವರ್ಷದಾಗ ಎಣ್ಣಿ, ಬ್ಯಾಳಿ ಎಲ್ಲಿಗೆ ಹೋದುವು ಅಂತ ನಿಮಗ ನಾ ಹೇಳಬೇಕೇನು?

4,500ನ್ನ ಮೂವತ್ತು ದಿನಕ್ಕ ಹಂಚ್ರಿ, ದಿನಕ್ಕ 150 ಬರತೈತಿ. 2025-26ರಾಗ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕ 370 ಇತ್ತು. ಮಣ್ಣು ಹೊರೂದಕ್ಕ ಅದೇ ಸರಕಾರ ಕಟ್ಟಿದ ಬೆಲಿ ಅದು. ಮಕ್ಕಳನ್ನ ಸಾಕೂದಕ್ಕ ಅದರ ಅರ್ಧಾನೂ ಇಲ್ಲ.

ಇದಕ್ಕ ಅವರು ಪಗಾರ ಅನ್ನಂಗಿಲ್ಲ, "ಗೌರವಧನ" ಅಂತಾರ. ಪಗಾರ ಅಂದ್ರ ಕನಿಷ್ಠ ಕೂಲಿ ಕೇಳಬೌದು, ಪಿಎಫ್, ಪೆನ್ಷನ್ ಕೇಳಬೌದು. ಗೌರವಧನ ಅಂದ್ರ ಕೈ ಚಾಚಿ ಸುಮ್ನಿರಬೇಕು. ಮನ್ಯಾಗ ನಮ್ಮನ್ನ "ಅನ್ನಪೂರ್ಣಿ" ಅಂತ ಹೊಗಳಿ ಪಾತ್ರಿ ತೊಳಿಯಾಕ ಹಚ್ಚತಾರಲ್ಲ, ಹಂಗ ಇದು.

ಕೆಲಸ ನೋಡ್ರಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸೂದು, ಊಟ ಕೊಡೂದು, ತೂಕ ಎತ್ತರ ಅಳಿಯೂದು, ಬಸರಿ ಬಾಣಂತ್ಯಾರ ಮನಿಗೆ ಹೋಗಿ ಬರೂದು, ಚುಚ್ಚುಮದ್ದಿಗೆ ಕರಕೊಂಡು ಬರೂದು. 2021ರಿಂದ ಪೋಷಣ್ ಟ್ರ್ಯಾಕರ್ ಅಂತ ಮೊಬೈಲನ್ಯಾಗ ಎಲ್ಲಾ ತುಂಬೂದು ಬ್ಯಾರೆ. ಓಟಿನ ಯಾದಿ, ಸರ್ವೇ ಬಂದ್ರೂ ಇವರ ತಲಿಗೇ. "ಅರ್ಧ ದಿನದ ಕೆಲಸ" ಅನ್ನೂ ಮಾತನ್ನ ಸುಪ್ರೀಂ ಕೋರ್ಟ್ 2022ರ ಏಪ್ರಿಲದಾಗ ಗುಜರಾತಿನ ಪ್ರಕರಣದಾಗ ತಳ್ಳಿಹಾಕಿತು, ಇವರಿಗೂ ಗ್ರಾಚ್ಯುಯಿಟಿ ಹಕ್ಕು ಐತಿ ಅಂತು.

"ದುಡ್ಡು ಎಲ್ಲಿಂದ ತರೂದು?" ಅಂತ ಕೇಳತಾರ. ಹಾಲಿನ ಲೆಕ್ಕ, ಚೀಟಿ ಲೆಕ್ಕ ಹಾಕೂ ನಮಗ ಇದೇನು ದೊಡ್ಡದಲ್ಲ. ದೇಶದಾಗ ಸುಮಾರು 13 ಲಕ್ಷ ಅಕ್ಕೋರು ಅದಾರ. ಸಹಾಯಕ್ಯಾರನ್ನೂ ಅಷ್ಟ ಅಂತ ಹಿಡೀರಿ. ಎಲ್ಲಾರದೂ ದುಪ್ಪಟ್ಟು ಮಾಡಿದ್ರ ವರ್ಷಕ್ಕ ಹೆಚ್ಚಿಗಿ ಬೀಳೂದು ಸುಮಾರು 10,500 ಕೋಟಿ. 2019ರ ಸೆಪ್ಟೆಂಬರದಾಗ ಇದೇ ಕೇಂದ್ರ ಸರಕಾರ ಕಂಪನಿಗಳ ತೆರಿಗಿ ನೂರಕ್ಕ 30 ಇದ್ದದ್ದನ್ನ 22ಕ್ಕ ಇಳಿಸಿತು. ಅದರಿಂದ ವರ್ಷಕ್ಕ 1.45 ಲಕ್ಷ ಕೋಟಿ ಕೈಬಿಡತೈತಿ ಅಂತ ಸರಕಾರನ ಹೇಳಿತ್ತು. ಆ ಒಂದು ವರ್ಷದ ರೊಕ್ಕದಾಗ ಈ ಹೆಣಮಕ್ಕಳಿಗೆ ಹದಿಮೂರು ವರ್ಷ ದುಪ್ಪಟ್ಟು ಕೊಡಬೌದಿತ್ತು. ಅಂದ ಮ್ಯಾಲೆ ರೊಕ್ಕ ಇಲ್ಲಂತಲ್ಲ, ಯಾರಿಗೆ ಕೊಡಬೇಕು ಅನ್ನೂದು ಅವರು ಆರಿಸಿಕೊಂಡಿದ್ದು.

ಕಾರ್ಖಾನಿ ಬರಲಿ ಅಂತ ತೆರಿಗಿ ಇಳಿಸಿದ್ವಿ ಅಂತಾರ. ಬರಲಿ, ಬ್ಯಾಡ ಅಂದವರ್ಯಾರು? ಆದ್ರ ಆ ಕಾರ್ಖಾನಿಗೆ ದುಡಿಯಾಕ ಹೋಗೂ ಹುಡುಗಿ ಕೂಸಿನ್ನ ಯಾರ ಕೈಯಾಗ ಬಿಟ್ಟು ಹೋಗಬೇಕು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ ಐದು ವರ್ಷದೊಳಗಿನ ನೂರು ಮಕ್ಕಳಾಗ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳದಿಲ್ಲ. ನಮ್ಮ ಕರ್ನಾಟಕದ ಲೆಕ್ಕಾನೂ ಅಷ್ಟ. ನಾಳೆ ಕಾರ್ಖಾನ್ಯಾಗ ದುಡಿಯೂ ಮಕ್ಕಳು ಇವರ ಅಲ್ಲೇನು? ಅಡಿಪಾಯಕ್ಕ ಮಣ್ಣು ಹಾಕಿ ಮಾಳಗಿಗೆ ಬಂಗಾರ ಬಡದ್ರ ಮನಿ ನಿಂದ್ರತೈತೇನು?

1975ರ ಅಕ್ಟೋಬರ್ 2ಕ್ಕ 33 ಕಡೆ ಸುರುವಾದ ಯೋಜನಾ ಇದು. ಐವತ್ತು ವರ್ಷ ಆತು. ಐವತ್ತು ವರ್ಷ ದುಡಿಸಿಕೊಂಡೂ ನೌಕರಿ ಅನ್ನಾಕ ನಾಲಿಗಿ ಬರವಲ್ದು.

ಮುಂದಿನ ಸಲ ಪಾರ್ಲಿಮೆಂಟ್ ಓಟು ಕೇಳಾಕ ಬಂದವರು ಯಾವ ಪಕ್ಷದವರ ಇರಲಿ, ಆರತಿ ತಟ್ಟಿ ಎತ್ತೂಕಿಂತ ಮೊದಲ ಕೇಳ್ರಿ: "ಅಣ್ಣಾರ, ಅಂಗನವಾಡಿ ಅಕ್ಕೋರಿಗೆ ಪಗಾರ ಯಾವಾಗ?" ಉತ್ತರ ಕೊಟ್ಟ ಮ್ಯಾಲೆ ಬೇಕಾದ್ರ ಕುಂಕುಮ ಹಚ್ಚೂಣು.